ಓಟ ಬಿಡುವ ಪಿಸ್ತೂಲು

ಕಿವಿಯ ಹಿಂದೆ ಏನೋ ಹರಿಯುತ್ತಿದೆ, ಇರುವೆಯೇನೋ, ಅಲ್ಲ, ಬಣ್ಣ, ತಲೆಗೆ ಹಚ್ಚಿದ್ದು ದಾರಿ ತಪ್ಪಿ ಕುತ್ತಿಗೆಗೆ ಇಳಿಯುತ್ತಿದೆ, ಒರೆಸಿದರೆ ಕೈ ಕಪ್ಪು, ಬಿಟ್ಟರೆ ಬನಿಯನ್ ಕಪ್ಪು, ಇರಲಿ, ಡಬ್ಬಿಯ ಮೇಲೆ ಅರ್ಧ ಗಂಟೆ ಎಂದು ಬರೆದಿದ್ದಾರೆ, ಫೋನಿನಲ್ಲಿ ಅಲಾರಂ ಇಟ್ಟು ಪೈಜಾಮದ ಜೇಬಿಗೆ ಹಾಕಿಕೊಂಡಿದ್ದೇನೆ, ಅದು ಕೂಗುವವರೆಗೆ ಬಾತ್‌ರೂಮಿನ ಈ ಪ್ಲಾಸ್ಟಿಕ್ ಸ್ಟೂಲೇ ಸಿಂಹಾಸನ, ತಲೆಗೆ ಸುತ್ತಿದ ತರಕಾರಿ ಕವರೇ ಕಿರೀಟ — ನಾಳೆ ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟ, ಈ ಬಿಳಿ ತಲೆ ಹೊತ್ತುಕೊಂಡು ಹೋದರೆ ಅಯ್ಯೋ ಪಾಪ ನಮ್ಮ ಡ್ರಿಲ್ ಮೇಷ್ಟ್ರು ಎಷ್ಟು ಇಳಿದುಹೋಗಿದಾರೆ ಅಂತಾರೆ, ಆ ಅಯ್ಯೋ ಪಾಪ ನನಗೆ ಬೇಡ, ನನ್ನ ಒಂದು ಸೀಟಿಯ ಸದ್ದಿಗೆ ಮೈದಾನಕ್ಕೆ ಮೈದಾನವೇ ನಿಂತುಹೋಗುತ್ತಿತ್ತು — ಇವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿರುವಾಗಲೇ ಎಲ್ಲ ಮುಗಿಸಬೇಕು, ಮನೆಯಲ್ಲಿದ್ದಿದ್ದರೆ ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ, ಈಗ್ಯಾಕ್ರೀ ನಿಮಗೆ ಈ ವೇಷ ಎಂದು ಶುರುಮಾಡುತ್ತಿದ್ದಳು, ಅದೇ ಶಾಲೆಯಲ್ಲಿ ಲೆಕ್ಕದ ಮೇಡಂ, ಇನ್ನೂ ನಿವೃತ್ತಿಯಾಗಿಲ್ಲ, ಮನೆಯಲ್ಲೂ ಲೆಕ್ಕ ತಪ್ಪಲು ಬಿಡುವವಳಲ್ಲ. ಟಪ್. ಏನದು. ಅಡುಗೆಮನೆಯ ಹಿಂಬಾಗಿಲು. ಬೆಕ್ಕಿರಬೇಕು. ಬೆಕ್ಕು ಚಿಲಕ ಮುರಿಯುವುದಿಲ್ಲ, ಬೆಕ್ಕು ಫ್ರಿಜ್ಜಿನ ಬಾಗಿಲು ತೆಗೆಯುವುದಿಲ್ಲ, ಬೆಕ್ಕು ಹೀಗೆ ಕೆಮ್ಮುವುದಿಲ್ಲ.

ಫೋನು ತೆಗೆದರೆ ಬೆರಳಿನ ಬಣ್ಣವೆಲ್ಲ ಪರದೆಗೆ, ಇವಳ ಹೆಸರೇ ಕಾಣುತ್ತಿಲ್ಲ, ಅಂದಾಜಿನ ಮೇಲೆ ಒತ್ತಿದೆ, ಹಲೋ, ಕಳ್ಳ ಬಂದಿದಾನೆ ಕಣೇ, ಗಟ್ಟಿಯಾಗಿ ಹೇಳ್ರೀ ಕೇಳಿಸ್ತಿಲ್ಲ, ಗಟ್ಟಿಯಾಗಿ ಹೇಗೇ ಹೇಳ್ಲಿ, ಅವನು ಅಡುಗೆಮನೇಲಿದಾನೆ — ಹಲ್ಲಿನ ಇಂಜೆಕ್ಷನ್ನಿಗೆ ಇವಳ ಅರ್ಧ ಬಾಯಿ ಮರಗಟ್ಟಿದ್ದರೂ ಲೆಕ್ಕ ಮರಗಟ್ಟಿರಲಿಲ್ಲ, ನೀವೆಲ್ಲಿದೀರಿ, ಬಾತ್‌ರೂಮಲ್ಲಿ, ಚಿಲಕ ಹಾಕ್ಕೊಂಡು ಅಲ್ಲೇ ಕೂತ್ಕೊಳಿ, ಇಲ್ಲಿ ಕ್ಲಿನಿಕ್ ಎದುರಿಗೇ ಪೊಲೀಸ್ ಸ್ಟೇಷನ್ ಇದೆ, ಈಗ್ಲೇ ಕರ್ಕೊಂಡು ಬರ್ತೀನಿ, ಯಜಮಾನ್ರು ಬಾತ್‌ರೂಮಲ್ಲಿದಾರೆ, ಹೊರಗಿರೋನೇ ಕಳ್ಳ ಅಂತ ಹೇಳ್ತೀನಿ, ಏನೇ ಆದ್ರೂ ಹೊರಗೆ ಬರ್ಬೇಡಿ, ಆ ದರಿದ್ರ ಪಿಸ್ತೂಲು ಮುಟ್ಬೇಡಿ, ಕೇಳಿಸ್ತಾ, ಹೂಂ — ದರಿದ್ರವಂತೆ, ಓಟದ ಪಂದ್ಯ ಬಿಡುವ ಪಿಸ್ತೂಲು ಅದು, ನಿವೃತ್ತಿಯ ದಿನ ಶಾಲೆಯವರೇ ಕೈಗೆ ಕೊಟ್ಟು ಚಪ್ಪಾಳೆ ತಟ್ಟಿದ್ದು, ಸದ್ದು ಬಿಟ್ಟರೆ ಅದರಿಂದ ಏನೂ ಹೊರಗೆ ಬರುವುದಿಲ್ಲ, ಒಂದು ಕಾಗೆಯೂ ಸಾಯುವುದಿಲ್ಲ, ಇವಳು ಮಾತ್ರ ಅಂದಿನಿಂದ ಒಂದೇ ರಾಗ, ನೋಡಿದೋರಿಗೆ ಏನ್ರೀ ಗೊತ್ತು ಅದರೊಳಗೆ ಗುಂಡಿಲ್ಲ ಅಂತ, ವಾಪಸ್ ಕೊಟ್ಬಿಡಿ — ಅಡುಗೆಮನೆಯಲ್ಲಿ ಡಬ್ಬಿ ತೆಗೆದ ಸದ್ದು, ಈಗ ಅಗಿಯುವ ಸದ್ದು, ತಿನ್ನುತ್ತಿದ್ದಾನೆ, ನನ್ನ ಮನೆಯಲ್ಲಿ ನನ್ನ ಡಬ್ಬಿಯ ಬಿಸ್ಕತ್ತನ್ನು ಕರುಂ ಕರುಂ ಎಂದು ತಿನ್ನುತ್ತಿದ್ದಾನೆ, ನಾಳೆ ಕೂಟದಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ, ಕಳ್ಳ ಬಂದಾಗ ಮೇಷ್ಟ್ರೇ ನೀವೆಲ್ಲಿದ್ರಿ, ಕಮೋಡಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆನಪ್ಪ ಅನ್ನಲೇ, ತಲೆ ಕಪ್ಪು ಮಾಡಿಕೊಂಡು ಏನು ಬಂತು, ಮುಖಕ್ಕೇ ಮಸಿ ಬಳಿದ ಹಾಗಾಯಿತಲ್ಲ. ಚಿಲಕ ತೆಗೆದೆ. ಬೀರುವಿನಲ್ಲಿ ಹಳೆಯ ಟ್ರ್ಯಾಕ್‌ಸೂಟಿನ ಕೆಳಗೆ ಅದು ತಣ್ಣಗೆ ಮಲಗಿತ್ತು.

ಕೈಗೆ ಬಂದ ಕೂಡಲೇ ಮೈಗೆ ಹತ್ತು ವರ್ಷ ಕಡಿಮೆಯಾಯಿತು, ಬಣ್ಣದ ಡಬ್ಬಿಗೂ ಅಷ್ಟು ಸಾಧ್ಯವಿಲ್ಲ, ಸಿಡಿಮದ್ದಿನ ಎರಡು ಕ್ಯಾಪು ತುಂಬಿದೆ, ಬೆಕ್ಕಿನ ಹೆಜ್ಜೆಯಲ್ಲಿ ಹಜಾರ ದಾಟಿದೆ, ಅವನು ಬೆನ್ನು ಹಾಕಿ ನಿಂತಿದ್ದ, ಸಣಕಲ, ಹೆಗಲಿಗೆ ಚೀಲ, ಒಂದು ಕೈಯಲ್ಲಿ ಇವಳ ಮಿಕ್ಸಿ, ಇನ್ನೊಂದರಲ್ಲಿ ಬಿಸ್ಕತ್ತು, ಹಿಡಿ ಕಳ್ಳನ್ನ ಅನ್ನಬೇಕೆಂದು ಬಾಯಿ ತೆರೆದರೆ ಬಾಯಿಯಿಂದ ಬಂದದ್ದು ಆನ್ ಯುವರ್ ಮಾರ್ಕ್ — ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ — ಅವನು ತಿರುಗಿದ, ನನ್ನ ತಲೆಗೆ ಕವರು, ಹಣೆಯ ಮೇಲೆ ಕಪ್ಪು ಧಾರೆ, ಕೈಯಲ್ಲಿ ಪಿಸ್ತೂಲು, ಪಾಪ ಅವನಿಗೆ ಏನು ಅನ್ನಿಸಿತೋ, ಅಯ್ಯಪ್ಪಾ ನನಗಿಂತ ಮುಂಚೆ ಇನ್ನೊಬ್ಬ ಬಂದ್ಬಿಟ್ಟಿದಾನೆ ಅಂದ, ದೇವರಾಣೆ ಹಾಗೇ ಅಂದ, ನಾನು ತೋಳನ್ನು ಕಿವಿಗೆ ತಾಗಿಸಿ ನೇರ ಮೇಲೆತ್ತಿ ಒತ್ತಿದೆ, ಢಂ! ಅಡುಗೆಮನೆಯ ಪಾತ್ರೆಗಳೆಲ್ಲ ನಡುಗಿದವು, ಮಿಕ್ಸಿ ನೆಲಕ್ಕೆ, ಅವನು ಹಿಂಬಾಗಿಲಿಗೆ, ಎಂಥಾ ಸ್ಟಾರ್ಟ್, ಸದ್ದಿಗೂ ಕಾಲಿಗೂ ನಡುವೆ ಕೂದಲೆಳೆಯ ಅಂತರವಿಲ್ಲ, ಆದರೆ ಹಿತ್ತಲಲ್ಲಿ ತಲೆ ಬಗ್ಗಿಸಿಬಿಟ್ಟ, ತಡೆಯಲಾಗಲಿಲ್ಲ, ತಲೆ ಎತ್ತೋ, ಮೊಣಕಾಲು ಮೇಲಕ್ಕೆ, ಮೇಲಕ್ಕೆ ಎಂದು ಕೂಗಿದೆ, ಎತ್ತಿದ ಕೂಡ, ಕಾಂಪೌಂಡನ್ನು ಒಂದೇ ನೆಗೆತಕ್ಕೆ ದಾಟಿದ, ಇಂಥ ಹುಡುಗ ಒಬ್ಬ ನನ್ನ ಶಾಲೆಯಲ್ಲಿ ಇದ್ದಿದ್ದರೆ — ಎದೆ ಉಬ್ಬಿತು, ಗೆದ್ದೆ, ನಾಳೆ ಇದನ್ನು ಎಲ್ಲಿಂದ ಶುರುಮಾಡಿ ಹೇಳಬೇಕೆಂದು ಅಲ್ಲೇ ನಿಂತು ಯೋಚಿಸತೊಡಗಿದೆ, ಮುಂದೆ ಬೀದಿಯಲ್ಲಿ ಯಾವುದೋ ಗಾಡಿ ಗಕ್ಕನೆ ನಿಂತ ಸದ್ದು, ಗ್ಯಾಸಿನವನಿರಬೇಕು ಅಂದುಕೊಂಡೆ. ನಾನು ಬಾತ್‌ರೂಮಿಗೆ ವಾಪಸ್ ಹೋಗಲಿಲ್ಲ.

ಹೊರಗಿನವರಿಗೆ ಒಳಗಿನ ನನ್ನ ಗೆಲುವು ಹೇಗೆ ತಿಳಿಯಬೇಕು, ಅವರಿಗೆ ಕೇಳಿಸಿದ್ದು ಗುಂಡಿನ ಸದ್ದು, ಅವರಿಗೆ ಇವಳು ಹೇಳಿದ್ದು ಯಜಮಾನರು ಬಾತ್‌ರೂಮಿನಲ್ಲಿದ್ದಾರೆ ಎಂದು — ಚಿಲಕ ಮುರಿದ ಹಿಂಬಾಗಿಲು ಒದೆತಕ್ಕೆ ಗೋಡೆಗೆ ಬಡಿಯಿತು, ಇಬ್ಬರು, ಮುಂದೆ ಹೊಟ್ಟೆಯ ಹಿರಿಯ ದಫೇದಾರ, ಕೈಯಲ್ಲಿ ಲಾಠಿ, ಅವನ ಪಕ್ಕಕ್ಕೆ ಎಳೆಯ ಪೊಲೀಸ್ ಹುಡುಗಿ, ಹೊಸ ಎಸ್‌ಐ ಇರಬೇಕು, ಕೈಯಲ್ಲಿ ಪಿಸ್ತೂಲು, ಅದು ಸದ್ದು ಮಾಡುವ ಜಾತಿಯದಲ್ಲ, ಅದರ ಕಪ್ಪು ಬಾಯಿ ನೇರ ನನ್ನ ಬನಿಯನ್ನಿಗೆ — ಏಯ್ ಕೈ ಮೇಲೆತ್ತು ಅಂತ ದಫೇದಾರ, ಗನ್ ಕೆಳಗೆ ಹಾಕು ಅಂತ ಹುಡುಗಿ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು, ಎರಡು ಆರ್ಡರು ಒಟ್ಟಿಗೆ ಕೊಡಬಾರದು ಎಂದು ಯಾರೂ ಇವರಿಗೆ ಕಲಿಸಲಿಲ್ಲವೇ, ಮೇಲೆತ್ತಲೋ ಕೆಳಗೆ ಹಾಕಲೋ, ನಾನು ಈ ಮನೆಯವನಪ್ಪಾ ಎಂದು ಹೇಳಬೇಕು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ಕೈ ತಾನೇ ಮೇಲೆ ಹೋಯಿತು, ಪಿಸ್ತೂಲಿನ ಸಮೇತ ಹೋಯಿತು, ತೋಳು ಕಿವಿಗೆ ತಾಗಿ ನೇರವಾಗಿ, ಯಾಕೆಂದರೆ ಎದುರಿಗೆ ಇಬ್ಬರು ಮುಂದಕ್ಕೆ ಬಾಗಿ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಾರೆ, ಹಾಗೆ ಬಾಗಿ ನನ್ನನ್ನು ನೋಡುವವರಿಗೆ ನಾನು ಜೀವಮಾನವೆಲ್ಲ ಮಾಡಿದ್ದು ಒಂದೇ ಕೆಲಸ, ಬೆರಳು ಅದನ್ನು ಮಾಡಲು ಹೊರಟಿತು, ಒಳಗೆ ಇನ್ನೊಂದು ಕ್ಯಾಪು ಇತ್ತು, ಸ್ಪ್ರಿಂಗು ಬಿಗಿಯಾಗುತ್ತಿರುವುದು ಬೆರಳಿಗೆ ತಿಳಿಯುತ್ತಿದೆ, ಬೇಡ ಕಣೋ ಬೇಡ ಎಂದು ತಲೆ ಹೇಳುತ್ತಿದೆ, ತಲೆಯ ಮಾತನ್ನು ಬೆರಳು ಎಂದು ಕೇಳಿದೆ — ಆಗ ಜೇಬು ಕಿರುಚಿತು, ಅಲಾರಂ, ಬಣ್ಣ ತೊಳೆಯುವ ಹೊತ್ತು, ಎಡಗೈ ಅದನ್ನು ಆರಿಸಲು ಜೇಬಿನ ಕಡೆ ಹೊರಟೇಬಿಟ್ಟಿತು, ಹುಡುಗಿಯ ಕಣ್ಣು ಆ ಕೈಯ ಹಿಂದೆ, ಏಯ್ ಜೇಬಿಗೆ ಕೈ ಹಾಕ್ಬೇಡ, ದಫೇದಾರ ಬೆಚ್ಚಿ ಮುಂದಕ್ಕೆ ಚಿಮ್ಮಿದ, ಕಾಲು ಗೆರೆ ದಾಟಿತು, ನನ್ನ ಗಂಟಲು ಬಿಚ್ಚಿಕೊಂಡಿತು, ಫಾಲ್ಸ್ ಸ್ಟಾರ್ಟ್! ಎಲ್ಲಾ ವಾಪಸ್, ಗೆರೆ ಹಿಂದಕ್ಕೆ!

ಅವರೂ ಎಲ್ಲೋ ಒಂದು ಶಾಲೆಯಲ್ಲಿ ಓದಿದವರೇ ಅಲ್ಲವೇ, ದಫೇದಾರ ನೆಲದ ಟೈಲಿನ ಗೆರೆ ನೋಡಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ, ಸಾರಿ ಸರ್ ಅಂದ, ಅಂದ ಮೇಲೆ ಯಾರಿಗೆ ಸಾರಿ ಅಂದೆ ಎಂದು ತಾನೇ ಬೆಪ್ಪಾದ, ಅಷ್ಟು ಹೊತ್ತು ಸಾಕಾಯಿತು, ಅವರಿಬ್ಬರ ನಡುವೆ ಇವಳ ತಲೆ ನುಗ್ಗಿತು, ಹೊಡೀಬೇಡ್ರಮ್ಮಾ, ನಮ್ಮೆಜಮಾನ್ರು ಅದು, ಮರಗಟ್ಟಿದ ಬಾಯಿಯ ಮಾತು ಅರ್ಧ ಜಾರಿ ಗಲ್ಲದ ಮೇಲೆ ಇಳಿದಿದ್ದರೂ ಎಲ್ಲರಿಗೂ ಅರ್ಥವಾಯಿತು, ರೀ ಬಿಡ್ರೀ ಅದನ್ನ, ಬಿಟ್ಟೆ, ಪಿಸ್ತೂಲು ಸಿಂಕಿನ ಎಂಜಲು ನೀರಿನಲ್ಲಿ ಬಿತ್ತು. ಇವಳು ನನ್ನ ಎರಡೂ ಭುಜ ಹಿಡಿದು ಎಲ್ಲಿಗೆ ತಗುಲ್ತು, ಎಲ್ಲಿಗೆ ತಗುಲ್ತು ಎಂದು ತಡಕುತ್ತಾಳೆ, ಸದ್ದು ಕೇಳಿದಾಗ ನಾನು ಹೋದೆನೆಂದೇ ಅಂದುಕೊಂಡಳಂತೆ, ಹಣೆಯ ಬಣ್ಣವನ್ನು ಸೆರಗಿನಲ್ಲಿ ಒರೆಸುತ್ತ ಇದೇನ್ರೀ ಇದು ರಕ್ತ ಕಪ್ಪಗಿದೆ ಅಂದಳು, ಬಣ್ಣ ಕಣೇ ಅಂದೆ, ನೋಡಿದಳು, ನಗಲಿಲ್ಲ, ಕವರಿನ ಮೇಲೆ ಒಂದು ಬಿಟ್ಟಳು, ಆಮೇಲೆ ಅದೇ ಕವರಿಗೆ ಮುಖ ಒತ್ತಿ ಅತ್ತಳು, ಇಷ್ಟು ವರ್ಷದಲ್ಲಿ ಇವಳು ಹೀಗೆ ಅತ್ತದ್ದು ನಾನು ಕಂಡಿಲ್ಲ, ನನಗೆ ನಾಚಿಕೆಯಾಯಿತು, ಭಯವೂ ಆಗಲೇ ಶುರುವಾದದ್ದು. ದಫೇದಾರ ಸಿಂಕಿನಿಂದ ಪಿಸ್ತೂಲು ಎತ್ತಿ ನೀರು ಕೊಡವಿ, ಏನ್ ಸಾರ್ ಇದು, ಕಳ್ಳನ್ನ ಹಿಡಿಯೋಕೆ ಬಂದು ನಿಮ್ಮನ್ನೇ ಹೊತ್ಕೊಂಡು ಹೋಗೋ ಹಾಗಾಗಿತ್ತಲ್ಲ, ಸುಮ್ನೆ ಒಳಗಡೆ ಕೂತಿದ್ರೆ ಒಂದು ಮಿಕ್ಸಿ ಹೋಗ್ತಿತ್ತು ಅಷ್ಟೇ ಅಂದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ, ಮಿಕ್ಸಿ ಉಳೀತಲ್ಲ ಅಂದೆ, ಯಾರೂ ನಗಲಿಲ್ಲ.

ಹುಡುಗಿ ಗೋಡೆಗೆ ಒರಗಿ ಕೂತುಬಿಟ್ಟಿದ್ದಾಳೆ, ನನ್ನ ಕಡೆಯ ಬ್ಯಾಚಿನ ಮಕ್ಕಳ ವಯಸ್ಸು, ಇವಳು ಲೋಟದಲ್ಲಿ ನೀರು ಕೊಟ್ಟರೆ ಅರ್ಧ ಯೂನಿಫಾರಂ ಮೇಲೆ ಚೆಲ್ಲಿಕೊಂಡಳು, ಕುಡಿಯಮ್ಮ, ಮೆಲ್ಲಗೆ ಕುಡಿ, ಸರ್ ನಾನು ಒತ್ತಾಗಿತ್ತು ಸರ್, ಅರ್ಧ ಒತ್ತಾಗಿತ್ತು, ಇನ್ನೊಂಚೂರು, ನೀವು ಕೂಗದೇ ಇದ್ದಿದ್ರೆ — ಅವಳಿಗೆ ಹೇಳಲಾರೆ, ನಾನೂ ಅಷ್ಟೇ ಒತ್ತಿದ್ದೆ ತಾಯಿ, ನನ್ನದು ಢಂ ಅಂದಿದ್ದರೆ ನಿನ್ನದೂ ಅನ್ನುತ್ತಿತ್ತು, ನನ್ನದರಲ್ಲಿ ಗುಂಡಿಲ್ಲ ಎಂದು ನಿನಗೆ ನನ್ನ ಹೆಣ ನೋಡಿದ ಮೇಲೆ ತಿಳಿಯುತ್ತಿತ್ತು, ಆಮೇಲೆ ನೀನು ಹೇಗೆ ಬದುಕುತ್ತಿದ್ದೆ — ತಲೆ ತೊಳೀರಿ ಉರಿಯುತ್ತೆ ಅನ್ನುತ್ತಿದ್ದಾಳೆ ಇವಳು, ಹೌದು ಉರಿಯುತ್ತಿದೆ, ನಾಳೆ ಕೂಟ, ಆ ಕಳ್ಳನ ಮೊಣಕಾಲು ಎಷ್ಟು ಚೆನ್ನಾಗಿ ಮೇಲೆ ಬಂತು, ಹೇಳಬೇಕು, ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ, ಆನ್ ಯುವರ್ ಮಾರ್ಕ್ ಅಂದೆ ಕಣ್ರೋ, ಅವನು ತಿರುಗಿದ, ಆಮೇಲೆ ಬಾಗಿಲು, ಆಮೇಲೆ ಆ ಹುಡುಗಿಯ ಬೆರಳು, ಅಲ್ಲ, ಮೊದಲು ದಫೇದಾರ, ಅವನು ಸಾರಿ ಸರ್ ಅಂದದ್ದು, ಅದಕ್ಕೂ ಮೊದಲು ಆ ಬೆರಳು, ಕತ್ತರಿಸಿದ ಸಣ್ಣ ಉಗುರು, ಉಗುರಿನ ಬುಡ ನಿಧಾನವಾಗಿ ಬೆಳ್ಳಗಾಗುತ್ತ ಬಂದದ್ದು — ತಲೆ ತೊಳೀರೀ — ತೊಳೆಯುತ್ತೇನೆ, ಹೋಗುತ್ತೇನೆ, ಕಳ್ಳನ ಮೊಣಕಾಲು, ಕಾಂಪೌಂಡು, ಆ ಬೆರಳು, ಉಗುರಿನ ಬುಡದ ಆ ಬಿಳಿ, ಇನ್ನೂ ಬೆಳ್ಳಗಾಗುತ್ತಿದೆ.