ಕರೆ ಅವನಿಗೆ, ಕೆಂಡ ನನಗೆ

ನಾನು ಒಂದು ಇಸ್ತ್ರಿ ಪೆಟ್ಟಿಗೆ. ಹಿತ್ತಾಳೆಯ ಮೈ, ಹುಣಸೆಮರದ ಹಿಡಿ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡವನು ಎಂದು ಜನ ಬೈಯುತ್ತಾರಲ್ಲ, ನನಗೆ ಅದೇ ಉದ್ಯೋಗ. ಎರಕದ ಅಚ್ಚಿನಿಂದ ಈಚೆಗೆ ಬಂದ ವಾರವೇ ಮಡಿವಾಳರ ತಿಮ್ಮರಾಯಿಯ ಕೈ ಸೇರಿದೆ. ಅವನು ಊರಿಗೆಲ್ಲ ಮಡಿ ಒದಗಿಸುವವನು. ಆದರೂ ಅವನು ಕೊಟ್ಟ ಬಟ್ಟೆಗೆ ಊರವರು ನೀರು ಚಿಮುಕಿಸಿಯೇ ಒಳಗೊಯ್ಯುತ್ತಿದ್ದರು. ಇಸ್ತ್ರಿ ಮಾಡುವಾಗ ಅವನೂ ಚಿಮುಕಿಸುತ್ತಿದ್ದ. ಅವನದು ಸುಕ್ಕಿಗೆ, ಅವರದು ಸೊಕ್ಕಿಗೆ.

ಅಕ್ಕಿಗಿರಣಿಯ ಸಾವ್ಕಾರ ಕೆಂಚಪ್ಪನ ಪಂಚೆಯಲ್ಲಿ ಒಮ್ಮೆ ಬಾಳೆಕಾಯಿಯ ಕರೆ ಉಳಿದುಬಿಟ್ಟಿತು. ಸಾವ್ಕಾರನಿಗೆ ಮೂಗಿನಲ್ಲೇ ಮಾತು. "ವೋಗಲ್ಲ ಅಂತೀಯೇನ್ಲಾ? ವೋಗದೇ ಇರೋ ಕರೆ ಎಂಗಿರ್ತದೆ ತೋರಿಸ್ತೀನಿ ತಡಿ" ಎಂದವನೇ ನನ್ನನ್ನೆತ್ತಿ ತಿಮ್ಮರಾಯಿಯ ಎಡಮುಂಗೈಗೆ ಒತ್ತಿದ. ನನ್ನ ಯಜಮಾನನ ಚರ್ಮ ನನ್ನ ಮೈಗೇ ಅಂಟಿತು.

ಅಂದಿನಿಂದ ನಮ್ಮಿಬ್ಬರದೂ ಒಂದೇ ಜಪ. "ಇದೇ ಪೆಟ್ಟಿಗೆ, ಅವನ ಕೈ" ಎಂದು ಇದ್ದಿಲು ತುಂಬುವಾಗೆಲ್ಲ ಅವನು ಗೊಣಗುವನು. ನೀರ ಹನಿ ಬಿದ್ದಾಗೆಲ್ಲ ನಾನು, ಸುಟ್ಟರೆ ಸಾವ್ಕಾರ ಮೂಗಿನಲ್ಲಿ ಹೇಗೆ ಅರಚಿಯಾನೆಂದು ಅಣಕಿಸಿ 'ಸ್ಸ್ಸ್' ಎನ್ನುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಪಾತ್ರ ಚೆನ್ನಾಗಿ ಪಳಗಿತ್ತು.

ಆಮೇಲೆ ಬಂದ ಉಪದೇಶಿ ಆಶೀರ್ವಾದಪ್ಪ. ಚರ್ಚಿನಲ್ಲಿ ವಾಕ್ಯ ಹೇಳುವವನು, ಪ್ರತಿ ಶನಿವಾರ ಬಿಳಿ ಅಂಗಿ ತರುವವನು. ಒಂದು ದಿನ ಅಂಗಿ ಕೈಗಿಡುತ್ತ, "ಕರೆ ಇದೆ ಕಣಪ್ಪ ತಿಮ್ಮರಾಯಿ, ನಿನಗೆ ಗೊತ್ತಾಗಿಲ್ಲ ಅಷ್ಟೇ" ಎಂದ.

ತಿಮ್ಮರಾಯಿ ಗಾಬರಿಯಿಂದ ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಎಲ್ಲೈತೆ ಸಾಮಿ? ನಿಂಬೆಹಣ್ಣಾಕಿ ಉಜ್ತೀನಿ."

"ಆ ಕರೆ ಅಲ್ಲ ಮಾರಾಯ. ಕರ್ತನು ಕರೆಯೋ ಕರೆ. ಒಳಗೆ ಬಾ ಅಂತ."

"ನಂಗಾ?" ತಿಮ್ಮರಾಯಿ ಅಂಗಿಯನ್ನು ನನ್ನ ಪಕ್ಕಕ್ಕೆ ಇಳಿಸಿದ. "ಬಟ್ಟೆ ಮಡಗಿ ವೋಗು ಅನ್ನೋರೇ ಎಲ್ಲ. ಒಳೀಕೆ ಬಾ ಅಂದೋರು ಯಾರವ್ರೆ?"

ತಿಮ್ಮರಾಯಿ ಚರ್ಚಿಗೆ ಹೋಗತೊಡಗಿದ. ದೀಕ್ಷಾಸ್ನಾನಕ್ಕೆ ಭಾನುವಾರವೂ ಗೊತ್ತಾಯಿತು. ಆಗ ಉಪದೇಶಿ ಕೇಳಿದ: "ಬೆಸ್ತರು ಬಲೆ ಬಿಟ್ಟು ಯೇಸುವಿನ ಹಿಂದೆ ಹೋದರು. ನೀನೇನು ಬಿಡ್ತೀಯ?"

"ಪೆಟ್ಟಿಗೆ ಬುಡ್ಲಾ?"

"ಪೆಟ್ಟಿಗೆ ಇರಲಿ. ಕೆಂಚಪ್ಪನ್ನ ಬಿಡು."

ತಿಮ್ಮರಾಯಿ ಎಡಮುಂಗೈ ಮುಚ್ಚಿಕೊಂಡ. "ಅದೊಂದು ಬುಟ್ಟು ಬ್ಯಾರೆ ಏನಾರ ಕೇಳಿ ಸಾಮಿ."

ನನಗೆ ಹೋದ ಜೀವ ಬಂತು.

ಆ ವಾರವೇ ಸಾವ್ಕಾರನ ರೇಷ್ಮೆ ಪಂಚೆ ಬಂತು, ಮಗನ ನಿಶ್ಚಿತಾರ್ಥಕ್ಕೆ. ನಾನು ಕಂಡಿಯಿಂದ ಒಂದು ಕೆಂಡ ಉದುರಿಸಿದೆ. ಬೇಕೆಂದೇ. ಕೂರುವ ಜಾಗದಲ್ಲಿ ವೀಳ್ಯದೆಲೆಯಷ್ಟು ತೂತು. ತಿಮ್ಮರಾಯಿ ನೋಡಿದ, ನಕ್ಕ, ತೂತು ಒಳಗಾಗುವಂತೆ ಮಡಿಸಿದ. ಮಡಿಸಿದರೆ ಮಡಿ, ಬಿಡಿಸಿದರೆ ಸಾವ್ಕಾರನ ಮಾನ ಮಡಿಯಿತು.

ಗಂಟು ಕಟ್ಟುವ ಹೊತ್ತಿಗೆ ಅವನ ಕೈ ನಿಂತಿತು. 'ಕೆಂಚಪ್ಪನ್ನ ಬಿಡು' ಎಂದು ಉಪದೇಶಿಯ ಮಾತನ್ನೇ ಗೊಣಗಿಕೊಂಡು ಮಡಿಕೆ ಬಿಚ್ಚಿದ. ಆಮೇಲೆ ಒಂದು ಕೈಲಿ ಪಂಚೆ, ಇನ್ನೊಂದು ಕೈಲಿ ಕೆಂಡದ ಸಮೇತ ನಾನು. ನೇರ ಸಾವ್ಕಾರನ ಜಗಲಿಗೆ ನಡೆದ. ಅಲ್ಲಿ ಬೀಗರು ಎಲೆಯಡಿಕೆ ಹಾಕುತ್ತ ಕೂತಿದ್ದರು.

"ಬುದ್ಧಿ, ಪಂಚೆ ಸುಟ್ಟೋಗೈತೆ. ಮುಚ್ಚಿ ಕೊಟ್ಟು ನಿಮ್ ಮಾನ ತೆಗೆಯವ ಅಂತಿದ್ದೆ." ನನ್ನನ್ನು ಸಾವ್ಕಾರನ ಮುಂದಿಟ್ಟು ಬಲಮುಂಗೈ ಚಾಚಿದ. "ಇದೊಂದು ಉಳಿದೈತೆ."

ಸಾವ್ಕಾರ ನನ್ನ ಹಿಡಿ ಹಿಡಿದೆತ್ತಿದ. ಜಾರಿಸೋ, ನಿನ್ನ ಕಾಲ ಮೇಲೇ ಜಾರಿಸೋ ಎಂದು ನಾನು ಭಾರವಾದೆ. ಅವನ ಕಣ್ಣು ತಿಮ್ಮರಾಯಿಯ ಎಡಗೈಗೆ ಹೋಯಿತು. ಅಲ್ಲಿ ನನ್ನದೇ ಚೂಪು ಮೂತಿ ಅಚ್ಚಾಗಿತ್ತು. ಬೀಗರೂ ನೋಡಿದರು. ಸಾವ್ಕಾರ ನನ್ನನ್ನು ಕೆಳಗಿಟ್ಟ.

"ಬುಟ್ಟೆ ಬುದ್ಧಿ, ನಿಮ್ಮನ್ನ" ಎಂದ ತಿಮ್ಮರಾಯಿ.

ಭಾನುವಾರ ಒದ್ದೆ ತಲೆಯಲ್ಲಿ ಮನೆಗೆ ಬಂದವನ ಹೆಸರು ಸಮಾಧಾನಪ್ಪ. ನನಗೆ ಮಾತ್ರ ಸಮಾಧಾನವಾಗಲಿಲ್ಲ.

ಈಗ ಅವನೂ ಉಪದೇಶಿ, ಊರೂರು ತಿರುಗುತ್ತಾನೆ. ನಾನು ಕಿಲುಬು ಹಿಡಿದು ಚರ್ಚಿನ ಬಾಗಿಲು ಗಾಳಿಗೆ ಮುಚ್ಚದಂತೆ ಒತ್ತಿ ಕೂತಿದ್ದೇನೆ. ಹೋದ ಮಾಘದಲ್ಲಿ ಕೆಂಚಪ್ಪನ ಚಟ್ಟ ಈ ದಾರಿಯಲ್ಲೇ ಹೋಯಿತು. ಅಂದು ಊರಲ್ಲೇ ಇದ್ದ ಸಮಾಧಾನಪ್ಪ ಹೊರಗೆ ಬಂದು ಕಣ್ಣೊರೆಸಿಕೊಂಡ. ನಾನು ಬಾಗಿಲನ್ನು ಬಿಗಿಯಾಗಿ ಹಿಡಿದು, ಮಸಣದ ಕಡೆ ಹೊಗೆ ಏಳುವವರೆಗೂ ನೋಡಿದೆ. ಆ ಕೆಂಡ ನನ್ನದಾಗಿರಲಿಲ್ಲವಲ್ಲ ಎಂಬುದೊಂದೇ ಕೊರಗು.