ಬಲಗಡೆಯ ಜಂತಿಗಳು

ಬಡಗಿ ಅಪ್ಪನ ಬಾಯಲ್ಲಿ ಸದಾ ಚಿಕ್ಕವನದೇ ಗುಣಗಾನ. ಕೇಳಿ ಕೇಳಿ ದೊಡ್ಡವನಿಗೆ ಹೊಟ್ಟೆ ಉರಿಯುತ್ತಿತ್ತು. ಮಾಡಿನ ಎರಡು ಇಳಿಜಾರು ಕೂಡುವ ಮೂಲೆತೊಲೆಗೆ ಎಡಗಡೆಯಿಂದ ತಮ್ಮ, ಬಲಗಡೆಯಿಂದ ತಾನು ಜಂತಿ ಕೂರಿಸಬೇಕಿತ್ತು. ತಮ್ಮ ಊಟಕ್ಕೆ ಹೋದಾಗ ಅವನ ಜಂತಿಯನ್ನೇ ಅಚ್ಚಾಗಿಟ್ಟುಕೊಂಡು ತನ್ನವನ್ನೆಲ್ಲ ಕೊಯ್ದುಬಿಟ್ಟ. ಮೇಲೇರಿಸಿದರೆ ಒಂದೂ ಕೂರಲಿಲ್ಲ. ಬಲಗಡೆಯ ಜಂತಿಯ ತುದಿಯ ಓರೆ ಕೊಯ್ತ, ಎಡಗಡೆಯದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕೆಂಬುದು ಹೊಟ್ಟೆಕಿಚ್ಚಿನಲ್ಲಿ ಮರೆತೇಹೋಗಿತ್ತು.

ಅಷ್ಟರಲ್ಲಿ ಊಟ ಮುಗಿಸಿದ ತಮ್ಮನೂ ಅವನ ಹಿಂದೆಯೇ ಅಪ್ಪನೂ ಬಂದರು. "ಯಾವನೋ ಇದನ್ನ ಕೊಯ್ದಿದ್ದು?"

"ನಾನೇ ಅಪ್ಪಾ," ಎಂದ ತಮ್ಮ, ಅಣ್ಣನ ಕಡೆ ನೋಡದೆ.

ಅಪ್ಪ ಗದರಲಿಲ್ಲ. ನಕ್ಕು ಚಿಕ್ಕವನ ಬೆನ್ನು ತಟ್ಟಿದ. "ಹೋಗ್ಲಿ ಬಿಡು ಮಗಾ, ನೀನೂ ಮನುಷ್ಯನೇ ಅಂತ ಇವತ್ತು ಗೊತ್ತಾಯ್ತು."

ದೊಡ್ಡವನು ಹಲ್ಲು ಕಚ್ಚಿದ. ನನ್ನ ತಪ್ಪಿಗೂ ಶಭಾಸ್‌ಗಿರಿ ಅವನಿಗೇ!