ಹೆಸರು ಹಿಡಿದು

ನೀರು ಬೀಳುವ ಸದ್ದು ಮೊದಲು ಕೇಳಿಸಿದ್ದು ಚನ್ನಮಲ್ಲಯ್ಯನವರಿಗೇ. ನಿಡುಗಲ್ ಬೆಟ್ಟದ ಮುರುಕು ಕೋಟೆಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟವರು ಗಕ್ಕನೆ ನಿಂತರು. ತಲೆ ಓರೆ ಮಾಡಿ ಆಲಿಸಿ, "ಈ ಸಲ ಜೋರಾಗೇ ಬೀಳ್ತೈತೆ ಕಣೆ" ಅಂದರು. ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಅವರ ಹೆಂಡತಿ ಶಿವರುದ್ರಮ್ಮನಿಗೆ ನೀರಿನ ಸದ್ದು ಕೇಳಿಸಲೇ ಇಲ್ಲ, ಕೇಳಿಸಿದ್ದು 'ಕಣೆ' ಒಂದೇ. ಗಂಡನ ಬಾಯಿಂದ ಆ ಮಾತು ಬಂದು ಎಷ್ಟು ದಿನವಾಗಿತ್ತೋ. ಅಲ್ಲೇ ಬಂಡೆಯ ಮೇಲೆ ಕೂತು ಗೊಳೋ ಅಂತ ಅತ್ತುಬಿಡಬೇಕು ಅನ್ನಿಸಿತು ಅವಳಿಗೆ. ಆದರೆ ಅಳುತ್ತ ಕೂತರೆ ಇವರು ಇನ್ನೆತ್ತ ಹೋಗಿಬಿಡುತ್ತಾರೋ ಅಂತ ಸೆರಗು ಸಿಕ್ಕಿಸಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದಳು.

ಈ ಬೆಟ್ಟ ಹತ್ತುವ ಹುಚ್ಚು ಇಂದುನಿನ್ನೆಯದಲ್ಲ. ಚನ್ನಮಲ್ಲಯ್ಯನವರು ಮಧುಗಿರಿಯಲ್ಲಿ ಸರ್ವೇಯರ್ ಆಗಿದ್ದವರು. ವರ್ಷವಿಡೀ ಕಂಡವರ ಹೊಲದಲ್ಲಿ ಬಾಂದು ಕಲ್ಲು ಹುಡುಕುತ್ತ, ಗಡಿಗಾಗಿ ಕಿತ್ತಾಡುವ ಅಣ್ಣನಿಂದಲೂ ತಮ್ಮನಿಂದಲೂ ಬೈಸಿಕೊಳ್ಳುತ್ತ ತಿರುಗುವ ಮನುಷ್ಯ, ದಸರಾ ಮುಗಿದು ಚಿತ್ತೆ ಮಳೆ ಎರಡು ಹದ ಸುರಿಯಿತು ಅಂದರೆ ಸಾಕು, ಭಾನುವಾರ ಬೆಳಗಾಗುವುದರೊಳಗೆ ಬುತ್ತಿ ಕಟ್ಟಿಸಿ ಹೆಂಡತಿಯನ್ನು ಹೊರಡಿಸಿಬಿಡುತ್ತಿದ್ದರು. ಒಂದು ವರ್ಷ ಕೊರಟಗೆರೆ ಕಡೆಯ ಸಿದ್ದರಬೆಟ್ಟ, ಒಂದು ವರ್ಷ ಚನ್ನರಾಯನದುರ್ಗ, ಬಹಳ ಸಲ ಈ ನಿಡುಗಲ್. ಬೆಟ್ಟದ ಮೇಲಿನ ದೊಣೆ ತುಂಬಿ ಹಿಂಬದಿಯ ಬಂಡೆಯಿಂದ ನೀರು ಧುಮುಕುವುದು ವರ್ಷದಲ್ಲಿ ಎಂಟೋ ಹತ್ತೋ ದಿನ. ನಮ್ಮ ಈ ಒಣ ಸೀಮೆಯಲ್ಲಿ ಅದನ್ನು ಕಾಣಲಿಕ್ಕೂ ಪುಣ್ಯ ಬೇಕು. ಬೀದಿಯ ಹೆಂಗಸರು, ಸರ್ವೇಯರ್ ಸಾಹೇಬರು ಬೆಟ್ಟವನ್ನೂ ಅಳೆಯುತ್ತಾರಂತೆ, ಚೈನು ಹಿಡಿಯಲು ಹೆಂಡತಿಯೇ ಬೇಕಂತೆ ಅಂತ ಆಡಿಕೊಂಡು ನಗುತ್ತಿದ್ದರು. ಶಿವರುದ್ರಮ್ಮ ನಾಚಿಕೊಂಡರೂ ಒಳಗೊಳಗೇ ಉಬ್ಬುತ್ತಿದ್ದಳು. ಬರೀ ನೀರು ಬೀಳುವುದನ್ನು ತೋರಿಸಲು ಹೆಂಡತಿಯನ್ನು ಕರೆದುಕೊಂಡು ಹೋಗುವ ಗಂಡಸು ಆ ಬೀದಿಯಲ್ಲಿ ಇನ್ಯಾರಿದ್ದರು, ಹೇಳಿ.

ಎರಡು ವರ್ಷದಿಂದ ಅವರಿಗೆ ಮರೆವು. ಮೊದಮೊದಲು ಕನ್ನಡಕ, ಬೀಗದ ಕೈ. ಆಮೇಲೆ ಒಂದು ದಿನ ಹಾಲು ತರಲು ಹೋದವರು ಹಳೆಯ ಆಫೀಸಿನ ಮುಂದೆ ಬಾಗಿಲು ತೆಗೆಯಲೆಂದು ಕಾಯುತ್ತ ನಿಂತಿದ್ದರು. ಈಗ ಒಂದು ತಿಂಗಳಿಂದ ಹೆಂಡತಿಯೇ ಮರೆತುಹೋಗುತ್ತಿದ್ದಳು. ತಟ್ಟೆಗೆ ಮುದ್ದೆ ಬಡಿಸಿದರೆ ಕೈಮುಗಿದು, ನಿಮ್ಮದು ಊಟವಾಯಿತಾ ತಾಯಿ ಅಂತ ಕೇಳುವರು. ಮೂವತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಆ ಮರ್ಯಾದೆ ಕೆನ್ನೆಗೆ ಹೊಡೆದಂತಾಗುತ್ತಿತ್ತು. ತುಮಕೂರಿನ ಡಾಕ್ಟರು ಇದು ವಾಸಿಯಾಗುವ ಕಾಯಿಲೆಯಲ್ಲ ಅಂದಿದ್ದರು. ಸಿರಾದಲ್ಲಿ ಟೀಚರಾಗಿರುವ ಮಗಳು ಭವ್ಯ, ಈ ವರ್ಷ ಬೆಟ್ಟಗಿಟ್ಟ ಅಂತ ಹೊರಟೀಯ ಜೋಕೆ ಅಂತ ಫೋನಿನಲ್ಲಿ ತಾಕೀತು ಮಾಡಿದ್ದಳು. ದೊಡ್ಡೇರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶವಿದೆ ಅಂತ ಅವಳಿಗೆ ಸುಳ್ಳು ಹೇಳಿ ಶಿವರುದ್ರಮ್ಮ ಗಂಡನನ್ನು ಪಾವಗಡದ ಬಸ್ಸು ಹತ್ತಿಸಿದ್ದಳು. ತಲೆ ಮರೆತದ್ದನ್ನು ಕಾಲು ಮರೆತಿರಲಾರದು ಅನ್ನುವುದು ಅವಳ ನಂಬಿಕೆ. ಹೆಚ್ಚೇನೂ ಬೇಡ, ಬೆಟ್ಟದ ಮೇಲೆ ಒಂದೇ ಒಂದು ಸಲ ತನ್ನ ಮುಖ ನೋಡಿ 'ರುದ್ರಾ' ಅಂದರೆ ಸಾಕಿತ್ತು.

ನೀರಿನ ಎದುರಿಗೆ ಬಂದಾಗ, ಇನ್ನೇನು ಅಂದೇಬಿಡುತ್ತಾರೆ ಅನ್ನಿಸಿತು. ಚನ್ನಮಲ್ಲಯ್ಯನವರು ಮೊದಲಿನ ಹಾಗೆಯೇ ಅವಳನ್ನು ಬಂಡೆಯ ತುದಿಗೆ ಹೋಗದಂತೆ ತಡೆದು, ಕಲ್ಲಿನ ಮೇಲಿನ ಮಣ್ಣು ಕೊಡವಿ ಕೂರಿಸಿದರು. ಪಕ್ಕದ ಗಿಡದಿಂದ ಬಿರಿದ ಸೀತಾಫಲ ಕಿತ್ತು, ಎರಡು ಹೋಳು ಮಾಡಿ ದೊಡ್ಡದನ್ನು ಅವಳ ಕೈಗಿಟ್ಟರು. ದೂರದ ಬಯಲಲ್ಲಿ ಸೋಲಾರ್ ಪ್ಲೇಟುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅದನ್ನು ಕಂಡು, ಕೆರೆ ತುಂಬಿಬಿಟ್ಟಿದೆ ನೋಡು, ಇವತ್ತೋ ನಾಳೆಯೋ ಕೋಡಿ ಬೀಳುತ್ತದೆ ಅಂತ ಸಂಭ್ರಮಪಟ್ಟರು. ಹೂಂ, ತುಂಬಿದೆ ಅಂದಳು ಶಿವರುದ್ರಮ್ಮ. ತುಂಬಲಿ ಬಿಡಿ, ಅವಳಪ್ಪನ ಗಂಟೇನು ಹೋಗಬೇಕು. ಆ ಡಾಕ್ಟರಿಗೆ ಏನು ಮಣ್ಣು ಗೊತ್ತು ಅಂತ ಮನಸ್ಸಿನಲ್ಲೇ ಬೈದುಕೊಂಡಳು.

ಬಾಟ್ಲಿಗೆ ನೀರು ಹಿಡಿಯಲು ನಾಲ್ಕು ಮೆಟ್ಟಿಲು ಇಳಿದದ್ದೇ ತಪ್ಪಾಯಿತು. ಬಾಟ್ಲಿ ತುಂಬಿಸಿಕೊಂಡು ತಿರುಗಿದರೆ ಕಲ್ಲಿನ ಮೇಲೆ ಸೀತಾಫಲದ ಬೀಜಗಳಿದ್ದವು, ಮನುಷ್ಯ ಇರಲಿಲ್ಲ.

"ರೀ" ಅಂದಳು. ಆಮೇಲೆ ಜೋರಾಗಿ, "ರೀ, ಎಲ್ಲಿದೀರಿ?" ಅಂದಳು. ಎಡಕ್ಕೆ ಪಾಚಿ ಕಟ್ಟಿದ ಬಂಡೆ, ಅದರಾಚೆ ಆಳದ ಕಣಿವೆ. ಬಂದ ದಾರಿಯಲ್ಲಿ ಅಷ್ಟು ದೂರ ಓಡಿ, ತಿರುಗಿ ಬಂದು, ಏನ್ರೀ ಅಂತ, ಇವರೇ ಅಂತ, ಕಡೆಗೆ ಭವ್ಯನ ಅಪ್ಪಾ ಅಂತಲೂ ಕೂಗಿದಳು. ನೀರಿನ ಸದ್ದು ಬಿಟ್ಟರೆ ಇನ್ನೇನೂ ಕೇಳಲಿಲ್ಲ.

ಮೇಲೆ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಈ ಕೂಗಾಟ ಕೇಳಿ ಕೋಲು ಊರಿಕೊಂಡು ಇಳಿದು ಬಂದಳು. ಲಕ್ಕಮ್ಮ ಅಂತ, ಬೆಟ್ಟದ ಕೆಳಗಿನ ಊರಿನವಳು. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ವಿಷಯ ತಿಳಿದು ಅವಳು ಮೊದಲು ಕಣಿವೆಯತ್ತ ಹೋಗಿ ಬಗ್ಗಿ ನೋಡಿ ಬಂದಳು. ಅಲ್ಲಿ ಯಾರೂ ಇಲ್ಲ ಅಂತ ತಲೆಯಾಡಿಸಿ, "ಆಯಪ್ಪನ ಪೇರೇಮಮ್ಮಾ?" ಅಂದಳು.

ಶಿವರುದ್ರಮ್ಮ ಬಾಯಿ ತೆರೆದವಳು ಮುಚ್ಚಿದಳು. ಮದುವೆಯಲ್ಲಿ ಒಡಪಿನೊಳಗೆ ಸೇರಿಸಿ ಗೊಣಗಿದ್ದು ಬಿಟ್ಟರೆ ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದವಳೇ ಅಲ್ಲ. ಹೇಳಿದರೆ ಗಂಡನ ಆಯುಸ್ಸು ಕಮ್ಮಿಯಾಗುತ್ತದೆ ಅಂತ ಅತ್ತೆ ಕಿವಿಮಾತು ಹೇಳಿದ್ದರು. ಬ್ಯಾಂಕಿನಲ್ಲಿ ಕೇಳಿದರೆ ಚೀಟಿಯ ಮೇಲೆ ಬರೆದು ತೋರಿಸುತ್ತಿದ್ದಳು. ವೋಟಿನ ಲಿಸ್ಟು ಹಿಡಿದು ಬಂದವರಿಗೆ ಬಾಗಿಲ ಮೇಲಿನ ಬೋರ್ಡಿನ ಕಡೆ ಬೆರಳು ಮಾಡುತ್ತಿದ್ದಳು. ಮಗಳು ಇದನ್ನು ಕಂಡಕಂಡವರಿಗೆಲ್ಲ ಹೇಳಿ ನಗುತ್ತಿದ್ದಳು. ಈಗ ಈ ಬೆಟ್ಟದ ಮೇಲೆ ಚೀಟಿ ಯಾರಿಗೆ ತೋರಿಸುವುದು? ಹೆಸರು ಹೇಳಬಾರದಮ್ಮ, ಅವರ ಆಯುಸ್ಸಿಗೆ ಒಳ್ಳೆಯದಲ್ಲ ಅಂತ ತೊದಲಿದಳು.

"ಮನ್ಸ ಸಿಕ್ಕಿದ್ರೆ ತಾನೇ ಆಯುಸ್ಸು?" ಅಂದಳು ಲಕ್ಕಮ್ಮ. "ರೀ ಅಂದ್ರೆ ಆಯಪ್ಪಂಗೆ ಹೆಂಗೆ ತಿಳೀತೈತೆ? ಪೇರು ಹಿಡ್ದು ಕೂಗಮ್ಮ."

ಶಿವರುದ್ರಮ್ಮ ಮನಸ್ಸಿನಲ್ಲೇ ಶಿವನಿಗೆ ತಪ್ಪೊಪ್ಪಿಸಿಕೊಂಡು, "ಚನ್ನಮಲ್ಲಯ್ಯನೋರೇ" ಅಂತ ಕೂಗಿದಳು. ಕೋರ್ಟಿನ ಜವಾನ ಯಾರೋ ಕಕ್ಷಿದಾರನನ್ನು ಕರೆದ ಹಾಗಿತ್ತು. ಎರಡು ಸಲ, ಮೂರು ಸಲ ಕೂಗಿದಳು. ಉತ್ತರವಿಲ್ಲ. ನಾಲ್ಕನೆಯ ಸಲಕ್ಕೆ ಅವಳ ಬಾಯಿಗೆ ಬಂದದ್ದು ಅವಳ ಮಾತೇ ಅಲ್ಲ. ಸತ್ತುಹೋದ ಅತ್ತೆ, ಮಗನಿಗೆ ತಲೆ ನರೆತ ಮೇಲೂ ಊಟದ ಹೊತ್ತಿಗೆ ಹೊಸ್ತಿಲಲ್ಲಿ ನಿಂತು ಕರೆಯುತ್ತಿದ್ದ ರೀತಿ ಅದು. ಕಣ್ಣು ಮುಚ್ಚಿಕೊಂಡು, ಅದೇ ರಾಗದಲ್ಲಿ ಕೂಗಿದಳು.

"ಲೇ ಚನ್ನಾ, ಬಾರ್ಲಾ ಮಗ."

"ಬಂದೆ ಕಣವ್ವಾ" ಅಂತು ಧ್ವನಿ, ಹತ್ತಿರದಿಂದಲೇ.

ಕುಸಿದ ಗೋಡೆಯೊಂದರ ಹಿಂದಿನಿಂದ ಚನ್ನಮಲ್ಲಯ್ಯನವರು ಎದ್ದು ಬಂದರು. ಪಂಚೆಯ ತುಂಬ ಉತ್ತರಾಣಿಯ ಮುಳ್ಳು, ಮೊಣಕೈ ತರಚಿ ರಕ್ತ ಒಸರುತ್ತಿತ್ತು. ಶಿವರುದ್ರಮ್ಮ ಓಡಿಹೋಗಿ ಎರಡೂ ಕೈ ಹಿಡಿದುಕೊಂಡಳು. ಸದ್ಯ, ಶಿವ ಕಾಪಾಡಿದ. ಲಕ್ಕಮ್ಮ ಇಬ್ಬರನ್ನೂ ಒಂದು ಸಲ ನೋಡಿ ಆಡುಗಳ ಹಿಂದೆ ಹೊರಟುಹೋದಳು.

ಚನ್ನಮಲ್ಲಯ್ಯನವರು ಅವಳ ಮುಖ ನೋಡುತ್ತಿರಲಿಲ್ಲ. ಅವಳ ಭುಜದ ಮೇಲಿಂದ ಆ ಕಡೆ ಈ ಕಡೆ ಕಣ್ಣಾಡಿಸುತ್ತಿದ್ದರು.

"ಅವ್ವಾ, ರುದ್ರ ಎಲ್ಲಿ?" ಅಂದರು. "ನೀರು ಹಿಡ್ಕೊಂಡು ಬತ್ತೀನಿ ಅಂತ ಹೋದ್ಲು, ಕಾಣ್ತಾನೇ ಇಲ್ಲ. ಆವಾಗಿಂದ ಹುಡುಕ್ತಾ ಇದೀನಿ."

ಅವರ ಕಣ್ಣಲ್ಲಿ ನೀರು ತುಂಬಿತ್ತು. ಯಾವ ಹೆಸರನ್ನು ಕೇಳಲೆಂದು ಮಗಳಿಗೆ ಸುಳ್ಳು ಹೇಳಿ, ಬಸ್ಸು ಹತ್ತಿ, ಬೆಟ್ಟ ಹತ್ತಿ ಬಂದಿದ್ದಳೋ ಆ ಹೆಸರು ಬಂದಿತ್ತು. ರುದ್ರ ನಾನೇ ಕಣ್ರೀ ಅನ್ನುವುದು ಶಿವರುದ್ರಮ್ಮನ ನಾಲಿಗೆಯ ತುದಿಯವರೆಗೂ ಬಂತು. ಅಂದರೆ ಮತ್ತೆ ಕೈಮುಗಿದು ತಾಯಿ ಅಂದುಬಿಟ್ಟರೆ? ಬಂದ ಮಾತನ್ನು ನುಂಗಿಕೊಂಡಳು.

"ಬಸ್ಸಿನ ತಾವ ಹೋಗವ್ಳೆ ಬಾ ಮಗ" ಅಂದಳು. "ನಿನಗೇ ಕಾಯ್ತಾವ್ಳೆ."

"ಒಬ್ಳನ್ನೇ ಕಳ್ಸಿಬುಟ್ಟೆಯಲ್ಲವ್ವ" ಅಂತ ಅವರು ರೇಗಿದರು. "ಬೆಟ್ಟ ಇಳಿಯೋದು ಅಂದ್ರೆ ಅವಳಿಗೆ ಪ್ರಾಣ ಹೋದಂಗಾಯ್ತದೆ. ನಾನು ಕೈ ಹಿಡ್ಕೋಬೇಕು."

ಅದು ನಿಜವೇ. ಹತ್ತುವಾಗ ಹೇಗೋ ಹತ್ತಿಬಿಡುವ ಶಿವರುದ್ರಮ್ಮನಿಗೆ ಇಳಿಯುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಮೂವತ್ತೆರಡು ವರ್ಷದಲ್ಲಿ ಯಾವ ಬೆಟ್ಟವನ್ನೂ ಅವಳು ಆ ಕೈ ಬಿಟ್ಟು ಇಳಿದವಳಲ್ಲ. ಈಗ ಆ ಕೈ ಅವಳ ಹಿಡಿತದಿಂದ ಬಿಡಿಸಿಕೊಂಡು, ರುದ್ರಳನ್ನು ಹಿಡಿಯಲು ಅವಸರದಿಂದ ಮುಂದೆ ಹೊರಟಿತ್ತು.

ಕೋಟೆಬಾಗಿಲಿನ ಹತ್ತಿರ ಚನ್ನಮಲ್ಲಯ್ಯನವರು ನಿಂತು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಕೆಳಗಿನ ಇಳಿಜಾರಿನತ್ತ "ರುದ್ರಾ" ಅಂತ ಕೂಗಿದರು. ಹತ್ತು ಹೆಜ್ಜೆ ಹಿಂದಿದ್ದ ಶಿವರುದ್ರಮ್ಮ ಗೋಡೆಯ ಕಡೆ ಮುಖ ತಿರುಗಿಸಿ, ಸೆರಗನ್ನು ಬಾಯಿಗೆ ಹಿಡಿದು "ಓ" ಅಂದಳು.

"ಕೇಳುಸ್ತಾ ಅವ್ವ? ಅಗೋ, ಕೆಳಗವ್ಳೆ" ಅಂದರು ಅವರು. ಮುಖ ಅರಳಿತ್ತು. ತಿರುಗಿ ನೋಡದೆ ಬಿರಬಿರನೆ ಮೆಟ್ಟಿಲು ಇಳಿಯತೊಡಗಿದರು. ಶಿವರುದ್ರಮ್ಮ ಒಂದು ಕೈಯಲ್ಲಿ ನೀರಿನ ಬಾಟ್ಲಿ, ಇನ್ನೊಂದು ಕೈಯಲ್ಲಿ ಬಂಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.